ಅಂತರಗಂಗೆ ಬಂಡೆಗಳಲ್ಲಿ ಸ್ಪೀಕರ್ ಹಾಕುವ ಮುಂಚೆ

ಭಾನುವಾರ ಬಂತೆಂದರೆ ನಮ್ಮ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಕಾಲೇಜು ಹುಡುಗ ಹುಡುಗಿಯರನ್ನು ಬಂಡೆ ಹತ್ತಿಸಲು ಕರೆದುಕೊಂಡು ಹೋಗುತ್ತೇನೆ. ಹೊಸಬರು ಬ್ಯಾಗಿನಿಂದ ಮೊದಲು ತೆಗೆಯುವುದು ನೀರಿನ ಬಾಟಲಿಯನ್ನಲ್ಲ, ಬ್ಲೂಟೂತ್ ಸ್ಪೀಕರನ್ನು. ಹಾಕಬಹುದಾ ಅಕ್ಕ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಹಗ್ಗ ಕಟ್ಟಿದ್ದರೆ ಬೇಡವೇ ಬೇಡ. ಹಗ್ಗವಿಲ್ಲದೆ ಚಿಕ್ಕ ಗುಂಡುಗಳ ಮೇಲೆ ಬೋಲ್ಡರಿಂಗ್ ಮಾಡುವಾಗಲೂ, ಸುತ್ತಲಿನವರು ತಾವಾಗಿಯೇ ಹಾಕಿ ಅನ್ನುವವರೆಗೆ ಬೇಡ.

"ಪಕ್ಕದವರನ್ನು ಕೇಳಿ, ಒಪ್ಪಿದರೆ ಹಾಕಿ" ಎಂಬ ಸಲಹೆಯನ್ನು ಬಂಡೆ ಹತ್ತುವವರೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತಾರೆ. ಕೇಳಲು ಚೆನ್ನಾಗಿದೆ, ನಮ್ಮ ಕಡೆ ನಡೆಯುವುದಿಲ್ಲ. ಮುಖದ ಮೇಲೆ ಬೇಡ ಅನ್ನುವ ಅಭ್ಯಾಸ ನಮಗಿಲ್ಲ.

ಗುಹೆಗಳಿಗೆ ಹೋಗುವ ದಾರಿಯ ಪಕ್ಕದಲ್ಲಿ ಬೇರೆ ಊರಿನ ಹುಡುಗರ ಗುಂಪೊಂದು ಸ್ಪೀಕರ್ ಹಾಕಿಕೊಂಡು ಕೂತಿತ್ತು. ಮೇಕೆ ಮೇಯಿಸುವ ತಾತ ಒಬ್ಬರು ಬಂದರು. ಅವರಲ್ಲೊಬ್ಬ ಒಳ್ಳೆಯ ಹುಡುಗ, ಎದ್ದು ನಿಂತೇ ಕೇಳಿದ: "ತಾತ, ಹಾಡು ಹಾಕಿದ್ದೀವಿ, ನಿಮಗೇನೂ ತೊಂದರೆ ಇಲ್ವಾ?" "ಅಯ್ಯೋ, ಅದಕ್ಕೇನಪ್ಪ, ಹಾಕ್ಕೊಳ್ಳಿ" ಅಂದರು ತಾತ. ಅಂದವರು ಎರಡು ನಿಮಿಷ ನಿಂತು, ಬಾಯಲ್ಲಿ ಹುರ್ರ್ ಹುರ್ರ್ ಅನ್ನುತ್ತ ಮೇಕೆಗಳನ್ನು ತಿರುಗಿಸಿ ಬಂಡೆಯ ಆಚೆ ಹೊಡೆದುಕೊಂಡು ಹೋದರು. ಹುಡುಗರಿಗೆ ಸಮಾಧಾನ, ಅನುಮತಿ ಸಿಕ್ಕಿತಲ್ಲ! ಆಮೇಲೆ ನಾನು ತಾತನ ಹತ್ತಿರ ಹೋಗಿ ಮಾತಾಡಿಸಿದಾಗ ತಿಳಿಯಿತು: ಪೊದೆಯೊಳಗೆ ನುಗ್ಗಿದ ಮೇಕೆಯನ್ನು ಅವರು ಕೊರಳ ಗಂಟೆಯಿಂದಲೇ ಹುಡುಕುವುದು. ಹಾಡಿದ್ದರೆ ಗಂಟೆ ಕೇಳಿಸದು. ಹಾಗಂತ ಹುಡುಗರಿಗೆ ಹೇಳಬಹುದಿತ್ತಲ್ಲ ಅಂದೆ. "ದೂರದಿಂದ ಬಂದವ್ರೆ, ಪಾಪ" ಅಂದರು.

ಅಲ್ಲಿಂದ ಮುಂದೆ ಯಾರಾದರೂ "ಪರವಾಗಿಲ್ಲ" ಅಂದರೆ ಅದನ್ನು ಒಪ್ಪಿಗೆ ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳುವುದನ್ನೇ ಬಿಟ್ಟು, ಮೊದಲಿಂದಲೇ ಆಫ್ ಇಟ್ಟುಕೊಳ್ಳುತ್ತೇವೆ. ಪಕ್ಕದ ಬಂಡೆಯವರೇ ಬಂದು "ಏನ್ರೀ, ಹಾಡಿಲ್ವಾ?" ಅಂದರೆ ಮಾತ್ರ ಅದು ನಿಜವಾದ ಒಪ್ಪಿಗೆ. ಆಗ ಹಾಕುತ್ತೇವೆ. ಹಾಡೆಂದರೆ ನನಗೂ ಇಷ್ಟವೇ, ಅದೇನು ಪಾಪವಲ್ಲ.

ಹಗ್ಗದ ವಿಷಯಕ್ಕೆ ಬಂದರೆ ಇಷ್ಟಾನಿಷ್ಟದ ಮಾತೇ ಇಲ್ಲ. ಮೇಲೆ ಹತ್ತುತ್ತಿರುವವರ ಹಗ್ಗ ಕೆಳಗೆ ಬಿಲೇ ಹಿಡಿದವರ, ಅಂದರೆ ಜಾರಿದರೆ ಬೀಳದಂತೆ ಹಗ್ಗ ಕಾಯುವವರ, ಕೈಯಲ್ಲಿರುತ್ತದೆ. ಇಬ್ಬರ ನಡುವೆ ಓಡಾಡುವುದು ಒಂದೊಂದೇ ಪದದ ಕೂಗು. ಇಂಗ್ಲಿಷಿನಲ್ಲಿ ಕೂಗುವವರು ಹಗ್ಗ ಬಿಗಿ ಮಾಡಲು "ಟೇಕ್" ಅನ್ನುತ್ತಾರೆ, ಸಡಿಲ ಕೊಡಲು "ಸ್ಲ್ಯಾಕ್" ಅನ್ನುತ್ತಾರೆ. ಎರಡೂ ಒಂದೊಂದೇ ಉಸಿರಿನ ಕೂಗು, ಎರಡೂ ಕೊನೆಗೊಳ್ಳುವುದು "ಕ್"ನಲ್ಲಿ. ಗಾಳಿಯಿದ್ದರೆ ಕೆಳಗೆ ತಲುಪುವುದು ಅರ್ಧ ಶಬ್ದ. ಅದರ ಮೇಲೊಂದು ಡ್ರಮ್ ಬೀಟ್ ಬಿದ್ದರೆ ಮುಗಿಯಿತು, ಬಿಗಿ ಕೇಳಿದವನಿಗೆ ಸಡಿಲ ಸಿಗುತ್ತದೆ. ನಮ್ಮ ಗುಂಪಿನಲ್ಲಿ ಹೆಸರು ಸೇರಿಸಿ "ಮಂಜು, ಟೈಟ್!", "ಮಂಜು, ಲೂಸ್!" ಎಂದು ಕೂಗುವುದು ರೂಢಿ. ಪಕ್ಕದಲ್ಲಿ ಇನ್ನೊಂದು ಹಗ್ಗ ಇದ್ದಾಗ ಹೆಸರಿಲ್ಲದ ಕೂಗು ಯಾರದೆಂದೇ ತಿಳಿಯದು. "ಬಿಡು" ಎಂಬ ಪದವನ್ನು ಬಂಡೆಯ ಮೇಲೆ ನಿಷೇಧಿಸಿದ್ದೇನೆ. ಸುಸ್ತಾದ ಹುಡುಗ "ಬಿಡಕ್ಕ, ಆಗಲ್ಲ" ಅಂದರೆ ಕೆಳಗಿನವರು ಹಗ್ಗ ಬಿಡಬಾರದಲ್ಲ! ಮೇಲಿಂದ ಕಲ್ಲು ಜಾರಿದರೆ ಮಾತ್ರ ಹೆಸರೂ ಇಲ್ಲ ಏನೂ ಇಲ್ಲ, ಎದೆ ಬಿರಿಯುವಂತೆ "ಕಲ್ಲೂ!" ಅಷ್ಟೇ.

ಕೂಗು ಕೇಳದಿದ್ದರೆ ಹಗ್ಗ ಜಗ್ಗಿ ಸನ್ನೆ ಮಾಡಬಹುದಲ್ಲ ಎಂದು ಕೇಳುತ್ತಾರೆ. ಮಾಡಬಹುದು. ಎಷ್ಟು ಜಗ್ಗಿದರೆ ಏನರ್ಥ ಎಂಬುದು ಗುಂಪಿನಿಂದ ಗುಂಪಿಗೆ ಬೇರೆ, ನೆಲದ ಮೇಲಿದ್ದಾಗಲೇ ಮಾತಾಡಿಕೊಂಡಿರಬೇಕು. ಅದು ಗಾಳಿಗೆ ಇಟ್ಟುಕೊಂಡ ಉಪಾಯ. ನಾವೇ ಶಬ್ದ ಎಬ್ಬಿಸಿ ಅದಕ್ಕೆ ಉಪಾಯ ಹುಡುಕುವುದು ಯಾವ ನ್ಯಾಯ?

ಹತ್ತುವವರಿಗೂ ಕಿವಿ ಬೇಕು. ಬಿಸಿಲಿಗೆ ಕಾದು ಚಳಿಗೆ ಆರಿ ನಮ್ಮ ಕಡೆಯ ಗ್ರಾನೈಟ್ ವರ್ಷಗಟ್ಟಲೆಯಲ್ಲಿ ಸಿಪ್ಪೆ ಬಿಡುತ್ತದೆ. ನೋಡಲು ಗಟ್ಟಿ ಹಿಡಿ, ಒಳಗೆ ಪೊಳ್ಳು. ಕೈ ಹಾಕುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದನ್ನು ಹೊಸಬರಿಗೆ ಮೊದಲ ಪಾಠವಾಗಿ ಕಲಿಸುತ್ತೇನೆ. ಗಟ್ಟಿ ಬಂಡೆ ತಟ್ಟಿದರೆ ಗೆಣ್ಣು ನೋಯುತ್ತದೆಯೇ ಹೊರತು ಸದ್ದು ಬರುವುದಿಲ್ಲ. ಸಿಪ್ಪೆಯಾದರೆ ಖಾಲಿ ಡಬ್ಬದಂತೆ ಡಬ್ ಅನ್ನುತ್ತದೆ. ಕಲ್ಲು ಕೆಲಸದವರು ಸುತ್ತಿಗೆ ತಟ್ಟಿ ಬಿರುಕು ಹುಡುಕುವುದೂ ಹೀಗೆಯೇ. ಆ ಡಬ್ ಎಂಬ ಸದ್ದು ಬಹಳ ಸಣ್ಣದು, ಹತ್ತುವವರ ಕಿವಿಯಿಂದ ಒಂದು ಮೊಳ ದೂರದಲ್ಲೇ ಹುಟ್ಟಿ ಸಾಯುತ್ತದೆ. ಕೆಳಗೆ ಸ್ಪೀಕರ್ ಇದ್ದರೆ ಅದಕ್ಕೆ ಜಾಗವೇ ಇಲ್ಲ. ಇಯರ್‌ಫೋನ್ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ ಅನ್ನುವವರಿಗೂ ಇದೇ ಉತ್ತರ. ಸರದಿಗೆ ಕಾಯುತ್ತ ನೆರಳಲ್ಲಿ ಕೂತವರು ಧಾರಾಳವಾಗಿ ಹಾಕಿಕೊಳ್ಳಲಿ, ಹಗ್ಗಕ್ಕೆ ಕೈ ಹಚ್ಚಿದವರು ಬೇಡ.

ಬೋಲ್ಡರಿಂಗಿನಲ್ಲಿ ಹಾಡು ಹಾಕಿದಾಗ ಸದ್ದು ಎಷ್ಟಿರಬೇಕು? ಬಯಲಿನಲ್ಲಿ ದೂರ ಎರಡರಷ್ಟಾದಾಗ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂತರಗಂಗೆ ಬಯಲಲ್ಲ. ಆನೆ ಗಾತ್ರದ ಗುಂಡುಗಳು ಒತ್ತೊತ್ತಾಗಿ ನಿಂತಿರುವ ಓಣಿಗಳಲ್ಲಿ ಶಬ್ದ ಬಂಡೆಯಿಂದ ಬಂಡೆಗೆ ಬಡಿದು ಮುಂದಕ್ಕೇ ಸಾಗುತ್ತದೆ, ಲೆಕ್ಕದಷ್ಟು ಇಳಿಯುವುದಿಲ್ಲ. ಮಾಪಕವೆಲ್ಲ ಬೇಡ: ಹಾಡು ಹಾಕಿ ಪಕ್ಕದ ಗುಂಡಿನವರೆಗೆ ನಡೆದು ಹೋಗಿ. ಅಲ್ಲಿ ನಿಂತಾಗ ಅದು ಯಾವ ಹಾಡು ಅಂತ ಗೊತ್ತಾದರೆ ಜಾಸ್ತಿಯಾಯಿತು, ವಾಪಸ್ ಬಂದು ಇಳಿಸಿ. ಫೋನನ್ನು ಬಂಡೆಯ ಬಿರುಕಿನಲ್ಲಿ ಇಟ್ಟರೆ ಸದ್ದು ಇನ್ನೂ ಹೆಚ್ಚುತ್ತದೆ. ಬ್ಯಾಗಿನ ಮೇಲೆ ಇಡಿ.

ಚಳಿಗಾಲದಲ್ಲಿ ಇನ್ನೂ ಹುಷಾರು. ನವೆಂಬರಿನಿಂದ ಫೆಬ್ರವರಿವರೆಗೆ ಬಂಡೆ ತಣ್ಣಗಿದ್ದು ಹಿಡಿತ ಚೆನ್ನಾಗಿ ಸಿಗುವುದರಿಂದ ನಮಗದು ಸುಗ್ಗಿ. ಕೊಂಬಿನ ಗೂಬೆಗೂ ಅದೇ ಮರಿ ಮಾಡುವ ಕಾಲ. ಅದು ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನ ಬರಿ ಮಣ್ಣಿನ ಮೇಲೆಯೇ ಮೊಟ್ಟೆಯಿಡುತ್ತದೆ. ಬಂಡೆಯ ಮೇಲೆ ಸುಣ್ಣ ಚೆಲ್ಲಿದಂಥ ಹಿಕ್ಕೆಯ ಗೆರೆ, ಕೆಳಗೆ ಇಲಿಯ ಮೂಳೆ ಕೂದಲು ತುಂಬಿದ ಉಂಡೆ ಕಂಡರೆ ಸ್ಪೀಕರ್ ಮಾತ್ರವಲ್ಲ, ನಾವೂ ಆ ಬಂಡೆ ಬಿಡುತ್ತೇವೆ. ಅತ್ತ ಚಿಕ್ಕಬಳ್ಳಾಪುರದ ನಂದಿ ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ನೋಡಲೆಂದೇ ಜನ ಬರುತ್ತಾರೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು, ಕಾಣುವ ಮುಂಚೆ ದನಿ ಕೇಳುತ್ತದೆ. ಅಂದ ಹಾಗೆ, ಹಕ್ಕಿಯ ರೆಕಾರ್ಡ್ ಮಾಡಿದ ಕೂಗನ್ನು ಫೋನಿನಲ್ಲಿ ಹಾಕಿ ಕರೆದು ಫೋಟೊ ತೆಗೆಯುವವರು ನಮ್ಮ ಹುಡುಗರ ಸ್ಪೀಕರಿಗೆ ಬೈಯುವುದನ್ನೂ ನೋಡಿದ್ದೇನೆ. ಎದುರಾಳಿ ಬಂದನೆಂದು ಜಗಳಕ್ಕೆ ಓಡಿ ಬರುವ ಹಕ್ಕಿಗೆ ಅದೇನು ಉಪಚಾರವೇ?

ಬೇರೆಯವರ ಸ್ಪೀಕರ್ ನಿಲ್ಲಿಸುವುದು ಬೇರೆಯದೇ ವಿದ್ಯೆ. ದೂರದಿಂದ ಕೂಗುವುದಿಲ್ಲ. ಹಾಡು ಮುಗಿಯಲಿ ಎಂದು ಕಾದು ಹತ್ತಿರ ಹೋಗುತ್ತೇನೆ. ಎಲ್ಲಿಂದ ಬಂದಿರಿ, ಗುಡಿಯ ಕಲ್ಲು ಬಸವನ ಬಾಯಿಂದ ಬೀಳುವ ನೀರು ಕುಡಿದಿರಾ ಎಂದೆಲ್ಲ ಆದ ಮೇಲೆ, ಫೋನ್ ಯಾರದೋ ಅವರೊಬ್ಬರನ್ನೇ ಪಕ್ಕಕ್ಕೆ ಕರೆದು ಹೇಳುವುದು: "ತಮ್ಮಾ, ಆ ಹುಡುಗಿ ಹಗ್ಗದಲ್ಲಿ ನೇತಾಡ್ತಿದ್ದಾಳೆ, ಅವಳ ಕೂಗು ನಮಗೆ ಕೇಳಿಸಬೇಕು. ಅವಳು ಇಳಿಯೋವರೆಗೆ ನಿಲ್ಲಿಸ್ತೀಯಾ?" ಸ್ನೇಹಿತರ ಮುಂದೆ ಹೇಳಿದರೆ ಅವನಿಗೆ ಮರ್ಯಾದೆ ಪ್ರಶ್ನೆ. ಇಷ್ಟು ಹೊತ್ತು ಎಂದು ಗಡುವು ಕೊಟ್ಟರೆ ಯಾರೂ ಇಲ್ಲವೆನ್ನುವುದಿಲ್ಲ. ಅವಳು ಇಳಿದ ಮೇಲೆ ಹೋಗಿ "ಆಯ್ತಪ್ಪ" ಎಂದು ಹೇಳಲೇಬೇಕು, ಹೇಳದಿದ್ದರೆ ಮುಂದಿನ ಸಲ ನಂಬುವುದಿಲ್ಲ. ಬಹುಪಾಲು ಸಲ ಅವರು ಮತ್ತೆ ಹಾಕುವುದೂ ಇಲ್ಲ. ಹತ್ತುವುದನ್ನು ನೋಡುತ್ತ ನಿಂತುಬಿಟ್ಟಿರುತ್ತಾರೆ.

ಕಾನೂನು ಎತ್ತಿದರೆ ಕೆಲಸ ಕೆಡುತ್ತದೆ. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಬಾರದೆಂದು ಕೆಎಸ್‌ಆರ್‌ಟಿಸಿ 2021ರಲ್ಲೇ ಸುತ್ತೋಲೆ ಹೊರಡಿಸಿದೆ. ಅಲ್ಲಿ ಕಂಡಕ್ಟರ್ ಇರುತ್ತಾರೆ, ಬೆಟ್ಟದಲ್ಲಿ ಯಾರು? ಕಾನೂನು ಎಂದ ಕೂಡಲೇ ಒಬ್ಬ ಕೇಳೇ ಕೇಳುತ್ತಾನೆ: "ಅಕ್ಕಾ, ದೇವಸ್ಥಾನದವರು ಮೈಕ್ ಹಾಕಲ್ವಾ?" ಹಾಕುತ್ತಾರೆ. ಕಾಶಿ ವಿಶ್ವೇಶ್ವರನ ಗುಡಿ ನಾವು ಹಗ್ಗ ತರುವ ಎಷ್ಟೋ ಕಾಲ ಮುಂಚಿನದು, ಆ ಮೆಟ್ಟಿಲು ಹತ್ತಿ ಬರುವವರಲ್ಲಿ ಹೆಚ್ಚಿನವರು ಅದಕ್ಕೇ ಬರುವುದು. ಶಿವರಾತ್ರಿಯಂದು ಮೈಕ್ ನಿಲ್ಲಿಸಿ ಎಂದು ನಾನು ಹೋಗಿ ಕೇಳುವುದಿಲ್ಲ, ಅವತ್ತು ಹಗ್ಗವನ್ನೇ ಒಯ್ಯುವುದಿಲ್ಲ.

ರಾತ್ರಿ ಚಾರಣದ ಗುಂಪುಗಳ ಕಥೆ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಸುಕಿಗೆ ನಾವು ಹತ್ತುವಾಗ ಕೆಲವರದು ಇನ್ನೂ ಮುಗಿದಿರುವುದಿಲ್ಲ. ಕುಡಿದಿದ್ದಾರೆ ಎಂದು ಗೊತ್ತಾದರೆ ನಾನು ಮಾತಿಗೇ ಹೋಗುವುದಿಲ್ಲ, ಜೊತೆಗೆ ಹೆಣ್ಣುಮಕ್ಕಳಿರುತ್ತಾರೆ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ತೇರಹಳ್ಳಿ ಕಡೆಯ ಗುಂಡುಗಳಿಗೆ ನಡೆಯುತ್ತೇವೆ. ಅಲ್ಲಿ ಬಿಸಿಲು ಬೇಗ ಬೀಳುತ್ತದೆ, ಒಂಬತ್ತರೊಳಗೆ ಮುಗಿಸಿಕೊಳ್ಳಬೇಕು.