ಅಲರ್ಜಿ ಇರುವ ಮಗುವಿನ ಬಟ್ಟೆ: ಡಿಟರ್ಜೆಂಟ್ ಕಮ್ಮಿ, ಜಾಲಿಸುವುದು ಜಾಸ್ತಿ

ಒಗೆದು ಒಣಗಿಸಿಟ್ಟ ಟವೆಲ್ ಒಂದನ್ನು ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಹಾಕಿ, ಪೌಡರ್ ಏನೂ ಹಾಕದೆ ಎರಡು ನಿಮಿಷ ಚೆನ್ನಾಗಿ ಕುಕ್ಕಿ. ನೊರೆ ಎದ್ದು, ನೀರು ಬೆರಳಿಗೆ ಜಾರುಜಾರಾದರೆ ಅದು ಹೋದ ವಾರದ ಡಿಟರ್ಜೆಂಟ್. ದುಡ್ಡು ಕೊಟ್ಟು ತಂದದ್ದು ಚರಂಡಿಗೂ ಹೋಗದೆ ಬಟ್ಟೆಯಲ್ಲೇ ಕೂತು ಮಗುವಿನ ಮೈ ತುರಿಸುತ್ತಿರಬಹುದು. ದುಬಾರಿ ‘ಬೇಬಿ’ ಲಿಕ್ವಿಡ್ ಹುಡುಕುವ ಮೊದಲು ಈಗ ಹಾಕುತ್ತಿರುವ ಅಳತೆಯನ್ನು ಅರ್ಧಕ್ಕೆ ಇಳಿಸಿ. ಕೆಸರು, ಎಣ್ಣೆ ಕಲೆ ಇಲ್ಲದ ದಿನದ ಬಟ್ಟೆಗೆ ಬಹಳಷ್ಟು ಸಲ ಅಷ್ಟೇ ಸಾಕು.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ತೊಡಕು ಬೇರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ನೊರೆಯನ್ನು ತಿಂದುಹಾಕುತ್ತವೆ. ನೊರೆ ಬರಲಿಲ್ಲವೆಂದು ನಾವು ಇನ್ನೊಂದು ಚಮಚ ಸುರಿಯುತ್ತೇವೆ. ಅದರ ಬದಲು ಮೊದಲು ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಡಿಟರ್ಜೆಂಟ್ ಹಾಕಿ. ಅಡುಗೆ ಸೋಡಾ ಈ ಕೆಲಸಕ್ಕೆ ಆಗದು. ವಾಷಿಂಗ್ ಸೋಡಾ ಕ್ಷಾರ, ಆದ್ದರಿಂದ ಕೈಗೆ ಗ್ಲೌಸ್ ಇರಲಿ. ರೇಷ್ಮೆ, ಉಣ್ಣೆಗೆ ಬೇಡ. ಸೋಪ್ ತುರಿದು ಮನೆಯಲ್ಲೇ ಪೌಡರ್ ಮಾಡುವ ವಿಧಾನ ಅಗ್ಗವೇನೋ ಹೌದು. ಆದರೆ ಗಡಸು ನೀರಿನಲ್ಲಿ ಸೋಪು ಒಡೆದು, ಬೂದು ಜಿಡ್ಡಾಗಿ ನೂಲಿಗೆ ಹಿಡಿಯುತ್ತದೆ. ಇಸುಬು ಇರುವ ಮಗುವಿಗೆ ಅದು ಬೇಡವೇ ಬೇಡ.

ಕೊಳ್ಳುವಾಗ ಪ್ಯಾಕೆಟ್ಟಿನ ಮುಂದಿನ ಹೂವಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ‘ಹೈಪೋಅಲರ್ಜೆನಿಕ್’ ಎಂದು ಬರೆದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಎಂದಲ್ಲ. ‘ಅನ್‌ಸೆಂಟೆಡ್’ ಎಂದಿದ್ದರೂ ಮೂಲ ವಾಸನೆ ಮುಚ್ಚಲು ಸುಗಂಧ ಸೇರಿಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ನೋಡಿ. ಲಿಕ್ವಿಡ್ ಕೆಡದಂತೆ ಹಾಕುವ ಮೀಥೈಲ್‌ಐಸೋಥಯಜೋಲಿನೋನ್ ಚರ್ಮದ ಅಲರ್ಜಿಗೆ ಹೆಸರಾದದ್ದು. ನೀರಿಲ್ಲದ ಪೌಡರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಬೆಲೆಯನ್ನು ಕೆಜಿಗಲ್ಲ, ಒಗೆತಕ್ಕೆ ಲೆಕ್ಕ ಹಾಕಿ. ಲೀಟರಿಗೆ 400 ರೂಪಾಯಿಯ ಲಿಕ್ವಿಡ್ ಸಲಕ್ಕೆ 60 ಎಂಎಲ್ ಬೇಡಿದರೆ ಒಂದು ಒಗೆತಕ್ಕೆ 24 ರೂಪಾಯಿ. ಕೆಜಿಗೆ 120 ರೂಪಾಯಿಯ ಪೌಡರ್ 40 ಗ್ರಾಂ ಬೇಡಿದರೆ ಐದು ರೂಪಾಯಿಯೂ ಆಗದು. ಫ್ಯಾಬ್ರಿಕ್ ಕಂಡೀಷನರ್ ಪೂರ್ತಿ ಬಿಡಿ. ಅದು ನೂಲಿನ ಮೇಲೆ ಉಳಿಯಲೆಂದೇ ತಯಾರಾದದ್ದು, ಸುಗಂಧ ಸಮೇತ.

ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ನೀರಿಗೆ ಹೋಗಲಿ. ಕೈಯಲ್ಲಿ ಒಗೆಯುವವರು ಮೂರು ನೀರಿನಲ್ಲಿ ಜಾಲಿಸಿ, ಪ್ರತಿ ಸಲವೂ ಹಿಂಡಿಯೇ ಮುಂದಿನ ಬಕೆಟ್ಟಿಗೆ ಹಾಕಬೇಕು. ಹಿಂಡದೆ ಹಾಕಿದರೆ ಹಳೆಯ ನೊರೆನೀರನ್ನೇ ಹೊತ್ತು ತಂದಂತೆ. ಮೆಷಿನ್ನಿನಲ್ಲಿ ಒಂದು ರಿನ್ಸ್ ಹೆಚ್ಚಿಸಿ, ಡ್ರಮ್ಮಿನ ಕಾಲು ಭಾಗ ಖಾಲಿ ಬಿಡಿ. ಫ್ರಂಟ್ ಲೋಡಿಗೆ ಟಾಪ್ ಲೋಡ್ ಪೌಡರ್ ಹಾಕಿದರೆ ನೊರೆ ಉಕ್ಕಿ, ಜಾಲಿಸುವುದೇ ಕೆಡುತ್ತದೆ.

ಡಿಟರ್ಜೆಂಟ್ ಬದಲು ಅಂಟುವಾಳ? ಬೀಜ ತೆಗೆದ 50 ಗ್ರಾಂ ಸಿಪ್ಪೆಯನ್ನು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ ಸೋಸಿ. ಬೆವರಿನ ಬಟ್ಟೆಗೆ ಪರವಾಗಿಲ್ಲ, ಎಣ್ಣೆ ಕಲೆಗೆ ಸೋಲುತ್ತದೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಗಿಡದ್ದೆಂದು ಮುಂದೆ ಹೇಳುವ ಬನಿಯನ್ ಪರೀಕ್ಷೆ ಬಿಡುವಂತಿಲ್ಲ.

ಯಾವುದೇ ಹೊಸ ಡಿಟರ್ಜೆಂಟ್ ತಂದರೂ ಮೊದಲು ಒಂದೇ ಬನಿಯನ್ ಒಗೆದು ತೊಡಿಸಿ, ಮೂರು ದಿನ ಕಾಯಿರಿ. ಇಂಥ ಅಲರ್ಜಿ ಎರಡು-ಮೂರು ದಿನ ತಡವಾಗಿ ಕಾಣುವುದುಂಟು. ಪೌಡರೂ ಮೈಗೆ ಹಾಕುವ ಸೋಪೂ ಒಟ್ಟಿಗೆ ಬದಲಾದರೆ ಯಾವುದರ ತಪ್ಪೆಂದು ಗೊತ್ತಾಗದು. ಮಗು ಮುಖ ಒರಗಿಸುವ ಅಮ್ಮನ ನೈಟಿ, ಅಜ್ಜಿಯ ಸೀರೆಗೂ ಅದೇ ಡಿಟರ್ಜೆಂಟ್ ಇರಲಿ. ಎರಡು ಬಗೆ ಕೊಳ್ಳುವ ಖರ್ಚೂ ಉಳಿಯುತ್ತದೆ.

ದದ್ದು ಎಲ್ಲಿದೆ ನೋಡಿ. ಕತ್ತು, ಕಂಕುಳ, ಸೊಂಟದ ಎಲಾಸ್ಟಿಕ್ ಕೆಳಗಾದರೆ ಬಟ್ಟೆಯ ಮೇಲೆ ಅನುಮಾನ. ಬಟ್ಟೆ ಮುಚ್ಚದ ಮುಖ, ಮುಂಗೈಯಲ್ಲೇ ಇದ್ದರೆ ಡಿಟರ್ಜೆಂಟ್ ಬದಲಿಸಿ ದುಡ್ಡು ಕಳೆಯುವ ಮೊದಲು ಬೇರೆ ಕಾರಣ ಹುಡುಕಿ. ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಹೂ ಬಿಟ್ಟಿದ್ದರೆ ಅದರ ಪರಾಗ ಅಂಟದಂತೆ ಬಟ್ಟೆಯನ್ನು ಒಳಗೆ ಒಣಗಿಸಿ. ಕೀವು ಅಥವಾ ನೀರು ಸೋರುವ ಗಾಯವಿದ್ದರೆ ಈ ಪ್ರಯೋಗವೆಲ್ಲ ಆಮೇಲೆ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.