ಸಿಮೆಂಟ್ ನೆಲಕ್ಕೆ ಆಸಿಡ್ ಸ್ಟೈನ್: ನನ್ನ ಮೊದಲ ಜಗಲಿ

ಟೈಲ್ಸ್ ಕೂರಿಸುವ ಕೆಲಸದಲ್ಲಿ ಏಳು ವರ್ಷ ಮೊಣಕಾಲು ಸವೆಸಿದವ ನಾನು. ಸ್ಟೈನ್ ಕೆಲಸಕ್ಕೆ ಇಳಿದದ್ದು ಬದಿಯಡ್ಕ ಕಡೆಯ ಒಬ್ಬ ರಿಟೈರ್ಡ್ ಮಾಷ್ಟ್ರಿಂದಾಗಿ. ಹೊಸ ಮನೆಯ ಜಗಲಿ ತೋರಿಸಿ, "ಟೈಲ್ಸ್ ಬೇಡ ಮಾರಾಯ, ಮಳೆಗಾಲದಲ್ಲಿ ಜಾರ್ತದೆ. ಅಜ್ಜನ ಮನೆಯ ಕಾವಿ ನೆಲದ ಹಾಗೆ ಆಗ್ಬೇಕು" ಅಂದರು. ಕಾವಿ ತಿಕ್ಕಿ ಕನ್ನಡಿಯ ಹಾಗೆ ಹೊಳೆಯಿಸುತ್ತಿದ್ದ ಮೇಸ್ತ್ರಿಗಳು ಈಗ ಕೈಗೆ ಸಿಗುವುದಿಲ್ಲ. ಕಾಂಕ್ರೀಟ್ ಹೇಗೂ ಹಾಕಿ ಆಗಿತ್ತು. ನಾನು ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದವ. "ಮಾಡುವ ಮಾಷ್ಟ್ರೇ, ಆಸಿಡ್ ಸ್ಟೈನ್ ಅಂತ ಉಂಟು" ಅಂದುಬಿಟ್ಟೆ. ದರವನ್ನೂ ಟೈಲ್ಸ್ ಕೂಲಿಯ ಲೆಕ್ಕದಲ್ಲೇ ಹೇಳಿದೆ. 340 ಚದರಡಿ. ಅರ್ಧ ಕೂಲಿ ಬರೀ ತೊಳೆಯುವುದಕ್ಕೇ ಹೋಗುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಇದು ಪೇಂಟಿನ ಹಾಗೆ ಮೇಲೆ ಕೂರುವ ಬಣ್ಣ ಅಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ತಾಮ್ರ ಇಂಥವುಗಳ ಲವಣ ಕರಗಿಸಿರುತ್ತಾರೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟಿದ ಸುಣ್ಣ ನೆಲದೊಳಗೆ ಇರುತ್ತದಲ್ಲ, ಅದರ ಜೊತೆ ಸೇರಿ ಈ ಲವಣಗಳು ಬಣ್ಣ ಬಿಡುತ್ತವೆ. ಹಾಗಾಗಿ ಸಿಗುವುದು ಕಂದು, ಕಾಫಿ, ಕಪ್ಪು, ತಾಮ್ರವಾದರೆ ನೀಲಿ-ಹಸಿರು. ಕಾವಿ ನೆಲದ, ಅಂದರೆ ರೆಡ್ ಆಕ್ಸೈಡಿನ, ಕೆಂಪು ಇದರಲ್ಲಿ ಬರುವುದೇ ಇಲ್ಲ, ಹೆಚ್ಚೆಂದರೆ ಕೆಂಗಂದು. ಮಾಷ್ಟ್ರಿಗೆ ಇದನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಬೇಕಿತ್ತು. ಹೇಳಿದ್ದು ಆಮೇಲೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಮುರಕಲ್ಲಿನ ಬಣ್ಣವಾದರೂ ಬರ್ತದಾ?" ಅಂತ ಕೇಳಿದರು. ಬರ್ತದೆ ಅಂದೆ.

ನಮ್ಮ ಮನೆಯಲ್ಲಿ ಉಳಿದಿದ್ದ ಓಪಿಸಿ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟಿನಿಂದ ಚಪ್ಪಡಿ ಹಾಕಿ ಸ್ಯಾಂಪಲ್ ಮಾಡಿದ್ದೆ. ಕಡುಕಂದು, ನೋಡಲು ಚಂದ. ಅದೇ ಕ್ಯಾನಿನ ಸ್ಟೈನನ್ನು ಜಗಲಿಯ ಮೂಲೆಗೆ ಬಿಟ್ಟರೆ ಹಾಲು ಜಾಸ್ತಿಯಾದ ಚಾ! ಮೇಸ್ತ್ರಿಯನ್ನು ಕೇಳಿದಾಗ ಗೊತ್ತಾಯಿತು, ಜಗಲಿಗೆ ಹಾಕಿದ್ದು ಪಿಪಿಸಿ ಅನ್ನುವ ಬೆರಕೆ ಸಿಮೆಂಟ್. ಅದರಲ್ಲಿ ನೂರಕ್ಕೆ 15ರಿಂದ 35 ಪಾಲಿನವರೆಗೆ ಹಾರುಬೂದಿ (ಕಲ್ಲಿದ್ದಲು ಸುಟ್ಟ ನಯವಾದ ಬೂದಿ) ಇರುತ್ತದೆ, ಆ ಬೂದಿ ಸುಣ್ಣವನ್ನು ತಾನೇ ತಿಂದು ಗಟ್ಟಿಯಾಗುತ್ತದೆ. ಸ್ಟೈನಿಗೆ ಉಳಿಯುವುದು ಕಡಿಮೆ. ಸಾಲದ್ದಕ್ಕೆ, ಟೈಲ್ಸ್ ಸಂದಿಗೆ ತುಂಬುವ ಗ್ರೌಟಿನ ಕಲೆ ತೆಗೆಯುವ ಟೈಲ್ಸಿನವರ ಅಭ್ಯಾಸದಂತೆ ಆ ಮೂಲೆಯನ್ನು ನಾನು ಮೊದಲೇ ಆಸಿಡ್ ಹಾಕಿ ತೊಳೆದಿದ್ದೆ. ಮೇಲಿನ ಪದರದಲ್ಲಿದ್ದ ಚೂರು ಸುಣ್ಣವೂ ಅಲ್ಲೇ ಹೋಗಿತ್ತು. ಈಗಲೂ ಆ ಮೂಲೆ ಮಂಕು, ಮೇಲೆ ಹೂವಿನ ಚಟ್ಟಿ ಇಟ್ಟಿದ್ದಾರೆ. ಉಳಿದ ಕಡೆ ಬರೀ ಸೋಪು ನೀರು, ಬ್ರಶ್ಶು, ಎರಡು ಕೋಟ್ ಸ್ಟೈನ್. ಈಗ ಯಾವ ಮನೆಗೆ ಹೋದರೂ ಆ ನೆಲದ ಮೇಲೆಯೇ, ಬಾಗಿಲ ಹಿಂದೆ, ಒಂದಡಿ ಜಾಗ ಕೇಳಿ ಸ್ಯಾಂಪಲ್ ಹಾಕುತ್ತೇನೆ.

ಕಾಂಕ್ರೀಟಿಗೆ 28 ದಿನ ಆಗಲೇಬೇಕು. ನೆಲದ ಮೇಲೆ ನೀರು ಚಿಮುಕಿಸಿದರೆ ಹೀರಬೇಕು, ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ನಿಂತರೆ ಅಲ್ಲಿ ಎಣ್ಣೆಯೋ ಪೇಂಟೋ ಕೂತಿದೆ ಅಂತ ಅರ್ಥ. ಸಿಂಪಡಿಸಲು ಮಾಷ್ಟ್ರು ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪು ತಂದುಕೊಟ್ಟರು. ಹಿತ್ತಾಳೆಯ ನಾಜಲ್, ಒಳಗೆ ಮೈಲುತುತ್ತಿನ ಪಾಚಿಬಣ್ಣ. ಇದಕ್ಕೆ ಲೋಹವೇ ತಾಗಬಾರದು, ಪೂರ್ತಿ ಪ್ಲಾಸ್ಟಿಕ್ಕೇ ಆಗಬೇಕು. ಪೇಟೆಯಿಂದ ಹೊಸತು ತಂದೆವು.

ಆವತ್ತು ಬೆಳಿಗ್ಗೆ ಒಳಗಿನ ಗೋಡೆಯಿಂದ ಶುರುಮಾಡಿ ಮೆಟ್ಟಿಲಿನ ಕಡೆ ಹಿಂದೆ ಹಿಂದೆ ಬರುತ್ತಾ ಸಿಂಪಡಿಸಿದೆ. ಹುಡುಗ ಬ್ರಶ್ಶಿನಲ್ಲಿ ಸುತ್ತು ಸುತ್ತು ಉಜ್ಜುತ್ತಾ ಬಂದ. ನೆಲ ಸಣ್ಣಗೆ ನೊರೆಯುತ್ತದೆ, ಮೂಗು ಉರಿಯುತ್ತದೆ. ಹತ್ತು ನಿಮಿಷ ಕಳೆದಿರಬೇಕು, ಜಗಲಿಯ ನಡುವಿನಲ್ಲಿ ಒಂದು ಗೆರೆ ಎದ್ದಿತು. ಅದರ ಎರಡೂ ಬದಿಗೆ ಸಣ್ಣ ಸಣ್ಣ ಗೆರೆ, ಬಾಚಣಿಗೆಯ ಹಲ್ಲಿನ ಹಾಗೆ. ನಾನು ಬಗ್ಗಿ ನೋಡುತ್ತಿದ್ದಂತೆ ಒಂದು ಇಡೀ ತೆಂಗಿನ ಮಡಲು ಅಲ್ಲಿ ಮಲಗಿತ್ತು! ಏಪ್ರಿಲ್ ಬಿಸಿಲಿಗೆ ಹಸಿ ಕಾಂಕ್ರೀಟ್ ಒಡೆಯಬಾರದೆಂದು ಮೇಸ್ತ್ರಿ ಮಡಲು ಹಾಸಿ ನೀರು ಬಿಟ್ಟಿದ್ದನಂತೆ. ಮಡಲಿನ ಅಡಿಯಲ್ಲಿ ಒಂದು ರೀತಿ ಒಣಗಿದೆ, ಬಿಟ್ಟಲ್ಲಿ ಇನ್ನೊಂದು ರೀತಿ. ಬರಿಗಣ್ಣಿಗೆ ಕಾಣದ್ದನ್ನು ಸ್ಟೈನ್ ಹೊರಗೆ ಹಾಕಿತು. ಉಜ್ಜಿದರೆ ಹೋಗುವ ಜಾತಿ ಅಲ್ಲ. ನನಗೆ ಕೈಕಾಲು ತಣ್ಣಗಾಯಿತು. ಮಾಷ್ಟ್ರ ಮನೆಯವರು, ಅವರೂ ಟೀಚರೇ, ಬಾಗಿಲಲ್ಲಿ ನಿಂತು ನೋಡಿ, "ರಂಗೋಲಿ ಬಿಡಿಸುವ ಕೆಲಸ ಉಳೀತು" ಅಂದರು. ನಕ್ಕರೋ ಬೈದರೋ ಗೊತ್ತಾಗಲಿಲ್ಲ.

ಸಂಜೆ ಅಡುಗೆ ಸೋಡಾ ಕದಡಿದ ನೀರು ಹೊಯ್ದು ಆಸಿಡ್ ಸತ್ತಿದೆ ಅಂತ ಖಾತ್ರಿ ಮಾಡಿಕೊಂಡೆವು. ಹಾಕಿದಾಗ ಇನ್ನೂ ನೊರೆ ಬಂದರೆ ಸತ್ತಿಲ್ಲ. ಆಮೇಲೆ ತೊಳೆಯುವುದೇ ತೊಳೆಯುವುದು. ಮೇಲಿನ ತುಕ್ಕಿನಂಥ ಪುಡಿ ನೋಡಿ ಬಣ್ಣ ಹಾಳಾಯಿತೆಂದು ಹೆದರಬೇಡಿ, ಅದು ಹೋಗಬೇಕಾದ್ದೇ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೆಳ್ಳಗೇ ಉಳಿಯಬೇಕು. ಆ ನೀರನ್ನು ಗಿಡಗಳ ಬುಡಕ್ಕೆ ಬಿಡದೆ ಬಕೆಟ್ಟಿಗೆ ತುಂಬಿಕೊಂಡೆವು. ಒದ್ದೆಯಿದ್ದಾಗ ಕಾಣುವ ಬಣ್ಣವೇ ಸೀಲರ್, ಅಂದರೆ ಬಣ್ಣ ಕಾಪಾಡುವ ಪಾರದರ್ಶಕ ಲೇಪ, ಹಾಕಿದ ಮೇಲಿನ ಬಣ್ಣ.

ಎಡವಿದ್ದು ಸೀಲರಿನಲ್ಲಿ. ಒಂದೂವರೆ ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಅಡಿಯಲ್ಲಿ ಬೆವರು ಕೂತಿದೆಯಾ ನೋಡಬೇಕು. ಮಳೆ ಹತ್ತಿರ ಬಂತೆಂದು ನಾನು ಆ ಒಂದು ರಾತ್ರಿ ಕಾಯಲಿಲ್ಲ. ಅಕ್ರಿಲಿಕ್ ಸೀಲರ್ ದಪ್ಪಕ್ಕೆ ಎಳೆದೆ. ಜೂನ್ ಮಳೆಗೆ ಅಡಿಯ ತೇವ ಮೇಲೆ ಬರಲು ದಾರಿಯಿಲ್ಲದೆ ಜಗಲಿಯ ಅರ್ಧಕ್ಕೆ ಹಾಲು ಚೆಲ್ಲಿದ ಹಾಗೆ ಬಿಳುಪು ಕೂತಿತು. ಮಾಷ್ಟ್ರು ಫೋನ್ ಮಾಡಿ ಬೈಯಲಿಲ್ಲ, ಬಾಕಿ ದುಡ್ಡಿನ ಮಾತೂ ಎತ್ತಲಿಲ್ಲ. ತುಲಾ ತಿಂಗಳ ಮಳೆಯೂ ಮುಗಿದು ಡಿಸೆಂಬರಿನಲ್ಲಿ ನೆಲ ಒಣಗಿದ ಮೇಲೆ ಹೋಗಿ ಕ್ಸೈಲೀನ್ ಅನ್ನುವ ದ್ರಾವಕ ಸವರಿ ರೋಲರ್ ಎಳೆದೆ. ಹಳೆಯ ಸೀಲರ್ ಮೆತ್ತಗಾಗಿ ತೇವ ಬಿಟ್ಟುಕೊಟ್ಟಿತು, ಬಿಳುಪು ಹೋಯಿತು. ಮೇಲಿಂದ ತೆಳ್ಳಗೆ ಒಂದೇ ಕೋಟ್, ಅದರಲ್ಲಿ ಜಾರದ ಹಾಗೆ ಹಿಡಿತದ ಪುಡಿ ಬೆರೆಸಿ. ಅವರು ಮೊದಲ ದಿನ ಹೇಳಿದ್ದೇ ಜಾರುವ ಮಾತಲ್ಲವಾ.

ಬಾಕಿ ಆವತ್ತೇ ಸಿಕ್ಕಿತು. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು. ಜಾಗ ಸಾಲದಿದ್ದರೂ ಹಸಿ ಅಡಿಕೆಯನ್ನು ಜಗಲಿಗೆ ಮಾತ್ರ ತರಬೇಡಿ ಅಂತ ಟೀಚರಿಗೆ ಎರಡು ಸಲ ಹೇಳಿ ಬಂದೆ.