ಸ್ಪ್ರಿಂಗ್ ಯಾರಾದ್ರೂ ಬದಲಾಯಿಸ್ತಾರಾ ಮೇಷ್ಟ್ರೇ? – ನನ್ನ ಆಲ್ಟೊ ಅನುಭವ

ಕಾರಿನ ಸಸ್ಪೆನ್ಷನ್ ಸ್ಪ್ರಿಂಗ್ ಬದಲಾಯಿಸೋ ಬಗ್ಗೆ ತೀರ್ಥಹಳ್ಳಿಯಲ್ಲಿ ನಾನು ಕೇಳಿದ ಮೂರೂ ಮೇಸ್ತ್ರಿಗಳು ನಕ್ಕಿದ್ದರು. "ಶಾಕ್ ಅಬ್ಸಾರ್ಬರ್ ಹಾಕಿಸಿ ಮೇಷ್ಟ್ರೇ, ಸರಿ. ಸ್ಪ್ರಿಂಗ್ ಯಾರಾದ್ರೂ ಬದಲಾಯಿಸ್ತಾರಾ? ಮುರಿದ್ರೆ ನೋಡೋಣ" ಅಂತ. ಈಗ ಸ್ಪ್ರಿಂಗ್ ಬದಲಾಯಿಸಿ ಹತ್ತಿರ 28,000 ಕಿಲೋಮೀಟರ್ ಆಯ್ತು, ಒಂದು ಶಾಕೂ ಎಣ್ಣೆ ಸೋರಿ ಒದ್ದೆಯಾಗಿಲ್ಲ. ಅದಕ್ಕೇ ಈ ಬರಹ.

ಗಾಡಿ 2013ರ ಆಲ್ಟೊ ಕೆ10, ಸೆಕೆಂಡ್ ಹ್ಯಾಂಡ್. ದಿನಾ ಶಿವಮೊಗ್ಗಕ್ಕೆ ಹೋಗಿ ಬರೋದು, ಮಂಡಗದ್ದೆ, ಗಾಜನೂರು ಮೇಲೆ, ಎರಡೂ ಕಡೆ ಸೇರಿ 120 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ಮೂರು ಜನ ಸಹೋದ್ಯೋಗಿಗಳು, ಪೆಟ್ರೋಲ್ ಹಂಚಿಕೆ. ಸೀಸನ್ನಿನಲ್ಲಿ ಭಾನುವಾರ ಡಿಕ್ಕಿಗೆ ಅಡಿಕೆ ಮೂಟೆ. ಅಂದ್ರೆ ಗಾಡಿ ಖಾಲಿ ಓಡೋದು ಅಂತ ಇಲ್ಲವೇ ಇಲ್ಲ.

ಮೊದಲ ತಪ್ಪು ಎಲ್ಲರೂ ಮಾಡೋದೇ. ಅಗ್ಗದ ಶಾಕ್, ನಾಲ್ಕಕ್ಕೆ 3,800 ರೂಪಾಯಿ. ಐದು ತಿಂಗಳಿಗೆ ಹಿಂದಿನ ಎರಡೂ ಎಣ್ಣೆ ಕಾರಿದವು. ಮುಂದಿನ ಎಡಗಡೆಯದು ಅದಕ್ಕೂ ಮೊದಲೇ ಹೋಗಿತ್ತು. ಅದಕ್ಕೆ ಕಾರಣ ಅಗ್ಗದ ಮಾಲು ಅಲ್ಲ ಅಂತ ಬಿಚ್ಚಿದ ಮೇಲೆ ಗೊತ್ತಾಯ್ತು. ಮೇಲಿನ ನಟ್ ಬಿಗಿಯುವಾಗ ಗ್ಯಾರೇಜಿನ ಹುಡುಗ ಶಾಕಿನೊಳಗೆ ಓಡಾಡೋ ರಾಡನ್ನು ಪೈಪ್ ರಿಂಚಿನಲ್ಲಿ ಕಚ್ಚಿ ಹಿಡಿದಿದ್ದ. ಕ್ರೋಮ್ ಮೇಲೆ ಹಲ್ಲಿನ ಗುರುತು ಸಾಲಾಗಿ ಇತ್ತು. ಆ ಗೀರು ಮೇಲೆ ಕೆಳಗೆ ಓಡಾಡಿದರೆ ಎಣ್ಣೆ ತಡೆಯೋ ಸೀಲ್ ಉಳಿಯುತ್ತಾ? ಅವತ್ತಿನಿಂದ ನನ್ನ ಗಾಡಿಯ ಶಾಕ್ ಕೆಲಸ ನಮ್ಮ ಮನೆ ಅಂಗಳದಲ್ಲೇ.

ಎರಡನೇ ತಪ್ಪು ರಬ್ಬರ್ ಬಫರ್. ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕೋದು, ನಾಲ್ಕಕ್ಕೆ 1,600. ಗಾಡಿ ಎತ್ತರ ಆಯ್ತು, ಮೊದಲ ವಾರ ಖುಷಿಯೋ ಖುಷಿ. ಆಮೇಲೆ ಪ್ರತಿ ಗುಂಡಿಯೂ ನೇರ ಬೆನ್ನುಮೂಳೆಗೆ. ಮಳೆಗಾಲ ಮುಗಿಯೋದ್ರೊಳಗೆ ಮುಂದಿನ ಶಾಕಿನ ಮೇಲ್ತುದಿ ಹಿಡಿಯೋ ಒಂದು ಮೌಂಟಿಂಗ್ ರಬ್ಬರ್ ಹರಿದು ಸ್ಟೇರಿಂಗ್ ತಿರುಗಿಸಿದಾಗೆಲ್ಲ 'ಟೊಂಯ್' ಅನ್ನೋಕೆ ಶುರು. ಬಫರ್ ಕಿತ್ತು ಬಿಸಾಕಿದೆ. ಈಗ ಒಂದನ್ನು ಗೇಟಿಗೆ ಅಡ್ಡ ಇಟ್ಟಿದ್ದೀವಿ.

ಆವಾಗ ತಲೆಗೆ ಹೊಳೆದಿದ್ದು, ಟೇಪ್ ಹಿಡಿಯೋಣ ಅಂತ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳತೆ. ಪರಿಚಯದವರ ಹತ್ತಿರ ಇದೇ ಮಾಡೆಲ್ ಇದೆ, ಕಡಿಮೆ ಓಡಿರೋದು. ಅದಕ್ಕೆ ಹೋಲಿಸಿದರೆ ನನ್ನದು ಹಿಂದೆ ಸುಮಾರು 20 ಮಿಮೀ, ಮುಂದೆ 14 ಮಿಮೀ ಕೆಳಗೆ. ಮೂರು ಜನ ಕೂತರೆ ಹಿಂದಿನ ಆಕ್ಸಲ್ ಹೆಚ್ಚುಕಮ್ಮಿ ಬಂಪ್ ಸ್ಟಾಪ್ (ಕೊನೆಯ ಹೊಡೆತ ತಡೆಯೋ ರಬ್ಬರ್) ಮೇಲೇ ಸವಾರಿ. ಅಂದ್ರೆ ಹಿಂಬದಿಯ ಎರಡೂ ಶಾಕ್ ಹಂಪ್ ಹಂಪಿಗೂ ಕೊನೆವರೆಗೆ ಹೊಡೆಸಿಕೊಂಡೇ ಸತ್ತವು.

ಹಾಗಾದ್ರೆ ಸ್ಪ್ರಿಂಗ್ ಮೆತ್ತಗಾಗಿದೆ ಅಂತ ತಿಳಿದೆ. ಅದೂ ತಪ್ಪು! ಇದನ್ನು ಕಂಡುಕೊಂಡಿದ್ದು ಯೂರಿಯಾ ಚೀಲದಿಂದ. ಸಿಮೆಂಟ್ ನೆಲದ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ನಡುವೆ ಜಿಐ ಪೈಪ್ ತೂರಿಸಿ, ಮೇಲೆ ತೂತು ಮಾಡಿದ ಹಲಗೆ, ಅದರ ಮೇಲೆ ಪೈಪಿನ ಅತ್ತ ಒಂದು ಇತ್ತ ಒಂದು ಚೀಲ. ಮೊದಲ ಸಲ ಹಲಗೆ ವಾಲಿ ಒಂದು ಚೀಲ ಒಡೆದು ಯೂರಿಯಾ ಅಂಗಳ ತುಂಬಾ. ಅಮ್ಮ ಪೊರಕೆ ತಂದು ನನ್ನ ಮುಂದೆ ಇಟ್ಟು ಏನೂ ಮಾತಾಡದೆ ಒಳಗೆ ಹೋದರು. ಎರಡನೇ ಸಲ ನಿಂತಿತು. ಹಳೆ ಸ್ಪ್ರಿಂಗ್ 47 ಮಿಮೀ ಕುಸಿಯಿತು. ಎರಡು ದಿನ 100 ಕಿಲೋ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದೆ. ಆಮೇಲೆ ನೆನಪಾಯ್ತು, ಯೂರಿಯಾ ಚೀಲ ಈಗ 50 ಅಲ್ಲ, 45 ಕಿಲೋ. ಎರಡು ಚೀಲ 90 ಕಿಲೋ, ಅಂದ್ರೆ ಒಂದು ಮಿಲಿಮೀಟರ್ ಕುಸಿಯೋಕೆ 1.9 ಕಿಲೋ ಬಂತು. ಕಂಪನಿಯ ಹೊಸ ಸ್ಪ್ರಿಂಗ್ ಒಂದನ್ನು ಅಂಗಡಿಯಿಂದ ಒಂದು ದಿನಕ್ಕೆ ತಂದು ಅದೇ ಚೀಲ ಇಟ್ಟೆ. ಅದೂ 47, 48. ಸೋತ ಸ್ಪ್ರಿಂಗ್ ಮೆತ್ತಗೆ ಆಗಿರಲಿಲ್ಲ, ಗಿಡ್ಡ ಆಗಿತ್ತು, ಅಷ್ಟೇ. ಪಕ್ಕದಲ್ಲಿ ನಿಲ್ಲಿಸಿದರೆ ಒಂದು ಬೆರಳಿನ ದಪ್ಪದಷ್ಟು ಕಡಿಮೆ.

ಹಾಗಾದ್ರೆ ಹೊಸ ಕಂಪನಿ ಸ್ಪ್ರಿಂಗೇ ಸಾಕಿತ್ತಲ್ಲ ಅಂತೀರಿ. ಮುಂದಿನ ಚಕ್ರಗಳಿಗೆ ಅದನ್ನೇ ಹಾಕಿದೆ. ಹಿಂದಕ್ಕೆ ನನಗೆ ಸ್ವಲ್ಪ ಗಟ್ಟಿ ಬೇಕಿತ್ತು, ಅಡಿಕೆಗಾಗಿ. ಇಲ್ಲಿ ದುರಾಸೆ ಮಾಡಿದೆ. ಶಿವಮೊಗ್ಗದ ಗುಜರಿಯಲ್ಲಿ ದೊಡ್ಡ ಗಾಡಿಯ ಸ್ಪ್ರಿಂಗ್ ಜೋಡಿ, 800 ರೂಪಾಯಿ. ಚೀಲ ಇಟ್ಟರೆ 30 ಮಿಮೀ ಮಾತ್ರ. ಭೇಷ್ ಅಂದುಕೊಂಡು ಹಾಕಿದೆ. ಮೂಟೆ ಹೇರಿದಾಗ ರಾಜ, ಮೂಟೆ ಇಲ್ಲದಾಗ ಕಪ್ಪೆ. ಸಕ್ರೆಬೈಲಿನ ಹತ್ತಿರ ಒಂದು ಹಂಪ್ ಇಳಿದ ಮೇಲೆ ಡಿಕ್ಕಿ ನಾಲ್ಕೈದು ಸಲ ತೂಗಾಡಿತು, ಹಿಂದೆ ಕೂತಿದ್ದ ಗಣಿತದ ಮೇಡಂ ಮರುದಿನದಿಂದ ಬಸ್ಸು ಹಿಡಿದರು. ಸ್ಪ್ರಿಂಗ್ ಅಷ್ಟು ಗಟ್ಟಿಯಾದರೆ ಆಲ್ಟೊ ಶಾಕ್‌ಗೆ ಅದನ್ನು ಹಿಡಿದು ನಿಲ್ಲಿಸೋ ತಾಕತ್ತಿಲ್ಲ. ಒಂದು ಸುತ್ತು ಗ್ಯಾಸಿನಲ್ಲಿ ಕತ್ತರಿಸಿ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ಕತ್ತರಿಸಿದರೆ ಗಾಡಿ ಕೆಳಗಿಳಿಯುತ್ತೆ, ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತೆ, ಬೆಂಕಿ ತಾಗಿದ ಕಡೆ ಹದ ಹೋಗುತ್ತೆ. ಮಾಡಲಿಲ್ಲ.

ಅಲ್ಲಿಂದ ವರ್ನಿಯರ್ (ದಪ್ಪ ಅಳೆಯೋ ಸಾಧನ) ಜೇಬಿನಲ್ಲಿಟ್ಟುಕೊಂಡೇ ಗುಜರಿಗೆ ಹೋಗಿದ್ದು. ಕಂಬಿಯ ದಪ್ಪ ಸ್ವಲ್ಪ ಹೆಚ್ಚಾದರೂ ಬಿಗಿ ನಾಲ್ಕನೇ ಘಾತದಲ್ಲಿ ಏರುತ್ತೆ, ಅಂದ್ರೆ ದಪ್ಪಕ್ಕಿಂತ ತುಂಬಾ ಜೋರಾಗಿ. ನನಗೆ ಬೇಕಿದ್ದು ಅರ್ಧ ಮಿಮೀಗಿಂತಲೂ ಕಡಿಮೆ ವ್ಯತ್ಯಾಸ. ಬಣ್ಣ ಕೆರೆದು ಅಳೆಯಿರಿ, ಇಲ್ಲದಿದ್ದರೆ ಬಣ್ಣವೇ ಮೋಸ ಮಾಡುತ್ತೆ. ಒಂದೇ ಉದ್ದದ ಜೋಡಿ ಸಿಗೋಕೆ ಮೂರು ಭಾನುವಾರ ಹಿಡಿಯಿತು, ಕೊಟ್ಟಿದ್ದು 600. ಎರಡು ಚೀಲಕ್ಕೆ 40 ಮಿಮೀ ಕುಸಿತ. ಯಾವ ಗಾಡಿಯದ್ದು ಅಂತ ಬರೆಯಲ್ಲ, ಬರೆದರೆ ನಾಳೆ ಅದೇ ಗುಜರಿಯಲ್ಲಿ ಅದರ ರೇಟು 2,000 ಆಗುತ್ತೆ. ಅದರ ತುದಿ ಆಲ್ಟೊ ಸೀಟಿನಲ್ಲಿ ಕೂರಿಸಿದ್ದು ಹೇಗೆ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಶಾಕ್ ನಾಲ್ಕೂ ಗ್ಯಾಬ್ರಿಯಲ್ ಕಂಪನಿಯದ್ದು, ಮುಂದಿನ ಜೋಡಿ 4,200, ಹಿಂದಿನದು 2,400 ಆಸುಪಾಸು. ಮುಂದಿನ ಸ್ಪ್ರಿಂಗ್ 2,200, ಮೌಂಟಿಂಗ್ ಬೇರಿಂಗ್ ಸಮೇತ 1,500, ಬಂಪ್ ಸ್ಟಾಪ್ ಮತ್ತು ಧೂಳು ತಡೆಯೋ ಬೂಟ್ 600, ಚಕ್ರದ ಅಲೈನ್‌ಮೆಂಟ್ 450. ಹಿಂದಿನ ಸ್ಪ್ರಿಂಗೂ ಸೇರಿ 12,000ದ ಒಳಗೆ. ಅದಕ್ಕೆ ಮುಂಚೆ ನೀರಿಗೆ ಹಾಕಿದ್ದು ಮಜೂರಿ ಎಲ್ಲ ಸೇರಿ 11,000ಕ್ಕೆ ಕಡಿಮೆ ಇಲ್ಲ. ಮನೆಯಲ್ಲಿ ಈ ಎರಡನೇ ಲೆಕ್ಕ ಹೇಳಿಲ್ಲ.

ಜೋಡಿಸುವಾಗ ಒಂದು ಮಾತು. ಹಿಂದಿನ ಆಕ್ಸಲ್ ಹಿಡಿಯೋ ಲಿಂಕ್‌ಗಳ ತುದಿಯ ರಬ್ಬರ್ ಬುಷ್‌ಗಳ ಬೋಲ್ಟನ್ನು ಜ್ಯಾಕ್ ಮೇಲೆ ಇದ್ದಾಗ ಪೂರ್ತಿ ಬಿಗಿಯಬೇಡಿ. ಗಾಡಿ ನೆಲಕ್ಕಿಳಿಸಿ, ಹಿಂದೆ ಇಬ್ಬರನ್ನು ಕೂರಿಸಿ ಆಮೇಲೆ ಬಿಗಿಯಿರಿ. ನಾನು ಮೊದಲು ಹಾಗೆ ಮಾಡದೆ ಎರಡು ಬುಷ್ ತಿರುಚಿ ಹರಿಸಿಕೊಂಡೆ.

ಮಧ್ಯೆ ಫೋನನ್ನು ಸೀಟಿನ ಹಳಿಗೆ ಸೈಕಲ್ ಟ್ಯೂಬಿನಿಂದ ಕಟ್ಟಿ ಆ್ಯಪಿನಲ್ಲಿ ತೂಗಾಟದ ಗ್ರಾಫ್ ತೆಗೆಯೋ ಪ್ರಯೋಗವೂ ಆಯ್ತು. ಬಂದಿದ್ದು ಬರೀ ಇಂಜಿನ್ ನಡುಕ. ಗಾಡಿಯ ಮೂಲೆ ಒತ್ತಿ ಬಿಟ್ಟು ಎಷ್ಟು ತೂಗುತ್ತೆ ಅಂತ ನೋಡೋ ಪರೀಕ್ಷೆಯನ್ನೂ ನಾನು ನಂಬಲ್ಲ. ಸತ್ತ ಶಾಕೂ ತುಕ್ಕು ಹಿಡಿದ ಬುಷ್ಷಿನ ದಯೆಯಿಂದ ಅದರಲ್ಲಿ ಪಾಸಾಗುತ್ತೆ. ಸರಿಯಾಗಿ ಹೇಳಿದ್ದು ಅಕ್ಕನ ಮಗ ಬೈಕಿನಲ್ಲಿ ಹಿಂದೆ ಕೂತು ತೆಗೆದ ವಿಡಿಯೊ. 30ರ ವೇಗದಲ್ಲಿ ಹಂಪ್ ಇಳಿದರೆ ಡಿಕ್ಕಿ ಈಗ ಒಂದು ಸಲ ತೂಗಿ, ಇನ್ನೊಂದು ಅರ್ಧಕ್ಕೆ ನಿಲ್ಲುತ್ತೆ. ನಾಲ್ಕು ಜನ, ಎರಡು ಮೂಟೆ ಇದ್ದರೂ ಬಂಪ್ ಸ್ಟಾಪಿಗೂ ಆಕ್ಸಲ್‌ಗೂ ನಡುವೆ ಎರಡು ಬೆರಳು ಹೋಗುತ್ತೆ.

ಗಣಿತದ ಮೇಡಂ ವಾಪಸ್ ಬಂದಿದ್ದಾರೆ. ಮುಂದೆ ಎಡಗಡೆ ಚಳಿಯ ಬೆಳಿಗ್ಗೆ ಒಂದು ಕಿರುಗುಟ್ಟೋ ಸದ್ದು ಇನ್ನೂ ಉಳಿದಿದೆ. ಚಕ್ರವನ್ನು ಕೆಳಗಿನಿಂದ ಹಿಡಿಯೋ ಲೋವರ್ ಆರ್ಮ್‌ನ ಬುಷ್ ಇರಬೇಕು, ದಸರಾ ರಜೆಗೆ ಬಿಚ್ಚುತ್ತೀನಿ.